ಮುರಿದದ್ದನ್ನು ಮುಟ್ಟದ ರಿಪೇರಿ

ಕ್ರಿಸ್ಪರ್ ಎಂದರೆ ವಂಶವಾಹಿಯಲ್ಲಿನ ತಪ್ಪು ಅಕ್ಷರ ಅಳಿಸಿ ಸರಿಯಾದದ್ದನ್ನು ಬರೆಯುವ ವಿದ್ಯೆ ಎಂದೇ ಹೆಚ್ಚಿನವರು ತಿಳಿದಿದ್ದಾರೆ. ಆದರೆ ಈ ತಂತ್ರದಿಂದ ಬಂದ, ಸರ್ಕಾರಗಳ ಒಪ್ಪಿಗೆ ಪಡೆದ ಮೊದಲ ಚಿಕಿತ್ಸೆ ‘ಕ್ಯಾಸ್ಜೆವಿ’ ಆ ತಪ್ಪಿನ ತಂಟೆಗೇ ಹೋಗುವುದಿಲ್ಲ. 2023ರ ನವೆಂಬರ್‌ನಲ್ಲಿ ಬ್ರಿಟನ್, ಡಿಸೆಂಬರ್‌ನಲ್ಲಿ ಅಮೆರಿಕ ಅದನ್ನು ಒಪ್ಪಿದ್ದು ಸಿಕಲ್ ಸೆಲ್ ರಕ್ತಹೀನತೆಗೆ.

ಕಾಯಿಲೆಯ ಮೂಲ ತೀರಾ ಚಿಕ್ಕದು. ಹಿಮೋಗ್ಲೋಬಿನ್‌ನ ಬೀಟಾ ಸರಪಳಿಯಲ್ಲಿ 146 ಅಮೈನೊ ಆಮ್ಲಗಳಿವೆ. ಆರನೆಯದು ಗ್ಲುಟಾಮಿಕ್ ಆಮ್ಲವಾಗುವ ಬದಲು ವ್ಯಾಲಿನ್ ಆಗಿರುತ್ತದೆ, ಅಷ್ಟೆ. ಆಮ್ಲಜನಕ ಬಿಟ್ಟುಕೊಟ್ಟ ಕೂಡಲೇ ಈ ಅಣುಗಳು ಒಂದಕ್ಕೊಂದು ಅಂಟಿಕೊಂಡು ಕಡ್ಡಿಗಳಾಗುತ್ತವೆ, ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುತ್ತದೆ. 120 ದಿನ ಬಾಳಬೇಕಾದ ಕಣ 10–20 ದಿನಕ್ಕೇ ಸಾಯುತ್ತದೆ. ಬಾಗಿದ ಕಣಗಳು ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡಾಗ ಬರುವ ನೋವಿಗೆ ಎಷ್ಟೋ ಸಲ ಮಾರ್ಫಿನ್ ಬೇಕಾಗುತ್ತದೆ.

ದಾರಿ ತೋರಿಸಿದ್ದು ಹಸುಗೂಸುಗಳು. ಇದೇ ದೋಷ ಹೊತ್ತು ಹುಟ್ಟಿದರೂ ಮೊದಲ ಕೆಲವು ತಿಂಗಳು ಅವಕ್ಕೆ ಕಾಯಿಲೆ ಕಾಣಿಸದು. ಗರ್ಭದಲ್ಲಿ ತಯಾರಾದ ಬೇರೊಂದು ಹಿಮೋಗ್ಲೋಬಿನ್ ಆಗಿನ್ನೂ ರಕ್ತದಲ್ಲಿ ಇರುವುದೇ ಕಾರಣ ಎಂದು ಅಮೆರಿಕದ ವೈದ್ಯೆ ಜಾನೆಟ್ ವಾಟ್ಸನ್ 1948ರಲ್ಲೇ ಸೂಚಿಸಿದ್ದರು. ಹಾಗಾದರೆ ಅದರ ತಯಾರಿಕೆಯನ್ನು ನಿಲ್ಲಿಸುವುದು ಯಾರು? ಬಿಸಿಎಲ್11ಎ ಎಂಬ ವಂಶವಾಹಿ ಎಂಬುದು 2008ರಲ್ಲಿ ಬಾಸ್ಟನ್‌ನ ವಿಜಯ್ ಶಂಕರನ್, ಸ್ಟುವರ್ಟ್ ಆರ್ಕಿನ್ ತಂಡದಿಂದ ಗೊತ್ತಾಯಿತು. ಅದನ್ನೇ ಕೆಡಿಸುವಂತಿಲ್ಲ, ರೋಗನಿರೋಧಕ ಕೋಶಗಳಿಗೂ ಮಿದುಳಿಗೂ ಅದು ಬೇಕು. ಅದೃಷ್ಟಕ್ಕೆ, ಕೆಂಪು ಕಣಗಳ ವಂಶದಲ್ಲಿ ಮಾತ್ರ ಅದನ್ನು ಚುರುಕುಗೊಳಿಸುವ ಡಿಎನ್ಎ ತುಣುಕೊಂದಿದೆ. ಕ್ಯಾಸ್ಜೆವಿಯ ಕತ್ತರಿ ಬೀಳುವುದು ಅಲ್ಲಿಗೆ. ತುಂಡಾದ ಡಿಎನ್ಎಯನ್ನು ಕೋಶವೇ ಅವಸರದಲ್ಲಿ ಜೋಡಿಸುತ್ತದೆ, ಕೆಲವು ಅಕ್ಷರ ಹೆಚ್ಚುಕಡಿಮೆಯಾಗುತ್ತವೆ. ಅಕ್ಷರವನ್ನು ತಿದ್ದಲು ಹೊರಟವರಿಗೆ ಈ ಅಜಾಗರೂಕತೆ ತಲೆನೋವು. ತುಣುಕನ್ನು ಕೆಡಿಸುವವರಿಗೆ ಅದೇ ಬೇಕಾದದ್ದು: ಅದು ಕೆಟ್ಟರೆ ಕೆಂಪು ಕಣಗಳಲ್ಲಿ ಬಿಸಿಎಲ್11ಎ ತಗ್ಗಿ, ಗರ್ಭಕಾಲದ ಹಿಮೋಗ್ಲೋಬಿನ್ ಮತ್ತೆ ತಯಾರಾಗುತ್ತದೆ. ಜೀವವಿಜ್ಞಾನದಲ್ಲಿ ಇಷ್ಟು ಜಾಣತನದ ಅಡ್ಡದಾರಿಗಳು ಕಡಿಮೆ.

ಕೇಳಲು ಸಲೀಸು, ಅನುಭವಿಸಲು ಅಲ್ಲ. ರೋಗಿಯ ಕಾಂಡಕೋಶಗಳನ್ನು ತೆಗೆದು ಪ್ರಯೋಗಾಲಯದಲ್ಲಿ ತಿದ್ದುತ್ತಾರೆ. ಮರಳಿಸುವ ಮುನ್ನ ಬುಸಲ್ಫಾನ್ ಎಂಬ ಕೀಮೋ ಔಷಧದಿಂದ ಹಳೆಯ ಮೂಳೆಮಜ್ಜೆಯನ್ನು ಬರಿದು ಮಾಡಬೇಕು. ಇದರಿಂದ ಸಂತಾನಶಕ್ತಿಗೂ ಕುತ್ತು ಬರಬಹುದು. ಅಮೆರಿಕದ ಒಪ್ಪಿಗೆಗೆ ಆಧಾರವಾದ ಪ್ರಯೋಗದಲ್ಲಿ 31 ರೋಗಿಗಳ ಪೈಕಿ 29 ಮಂದಿಗೆ ಕನಿಷ್ಠ ಒಂದು ವರ್ಷ ತೀವ್ರ ನೋವು ಮರುಕಳಿಸಲಿಲ್ಲ. ಅಲ್ಲಿ ಬೆಲೆ 22 ಲಕ್ಷ ಡಾಲರ್.

ನಮಗಿದು ದೂರದ ಸುದ್ದಿಯಲ್ಲ. ಭಾರತದಲ್ಲಿ ಈ ದೋಷ ಮೊದಲು ವರದಿಯಾದದ್ದು 1952ರಲ್ಲಿ, ಪಕ್ಕದ ನೀಲಗಿರಿಯ ಬುಡಕಟ್ಟು ಜನರಲ್ಲಿ. ಮೈಸೂರು, ಚಾಮರಾಜನಗರ, ಕೊಡಗಿನ ಆದಿವಾಸಿಗಳಲ್ಲೂ ಅದಿದೆ. 2047ರೊಳಗೆ ಕಾಯಿಲೆ ತೊಲಗಿಸುವ ರಾಷ್ಟ್ರೀಯ ಅಭಿಯಾನ 2023ರ ಜುಲೈನಲ್ಲಿ ಶುರುವಾಗಿದೆ. ದೆಹಲಿಯ ಐಜಿಐಬಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ‘ಬಿರ್ಸಾ 101’ ಎಂಬ ದೇಶೀ ಕ್ರಿಸ್ಪರ್ ಚಿಕಿತ್ಸೆ ರೂಪಿಸಿದ್ದಾರೆ. ಅದು ಅಗ್ಗವಾಗಿ ಬಂದರೂ ಮೂಳೆಮಜ್ಜೆ ಕಸಿ ಮಾಡಬಲ್ಲ ದೊಡ್ಡ ಆಸ್ಪತ್ರೆ ಬೇಕೇ ಬೇಕು, ಅಂಥದ್ದು ಹಾಡಿಗಳ ಹತ್ತಿರ ಇಲ್ಲ.

ಇನ್ನೊಂದು ವಿಷಯ ಸುದ್ದಿಯಾಗುವುದೇ ಇಲ್ಲ. ಹೈಡ್ರಾಕ್ಸಿಯೂರಿಯಾ ಎಂಬ ಹಳೆಯ, ಅಗ್ಗದ ಮಾತ್ರೆಯೂ ಅದೇ ಗರ್ಭಕಾಲದ ಹಿಮೋಗ್ಲೋಬಿನ್ ಅನ್ನು ಹೆಚ್ಚಿಸುತ್ತದೆ. ಪರಿಣಾಮ ಅಷ್ಟು ದೊಡ್ಡದಲ್ಲ, ದಿನವೂ ನುಂಗಬೇಕು, ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು. ಆದರೂ ನೋವಿನ ದಾಳಿಗಳನ್ನು ಅದು ತಗ್ಗಿಸುತ್ತದೆ. ಕ್ರಿಸ್ಪರ್‌ಗೆ ಹಣ ಸುರಿಯುವ ಸರ್ಕಾರ ಕಾಡಂಚಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಈ ಮಾತ್ರೆ ಒಂದು ದಿನವೂ ತೀರದಂತೆ ಮೊದಲು ನೋಡಿಕೊಳ್ಳಲಿ.