ಸ್ಥಿರತೆಯೇ ಸಾಹಸದ ಮೂಲ

ವಿದ್ಯೆ ಯಾವುದೇ ಆಗಿರಲಿ, ಅದರ ಚಮತ್ಕಾರವು ಮೊದಲು ಕಣ್ಣಿಗೆ ಬೀಳುತ್ತದೆ. ಅದರ ತಳಹದಿಯು ಕಡೆಗೆ ಅರಿವಾಗುತ್ತದೆ. ರೇಡಿಯೊ ನಿಯಂತ್ರಿತ ಮಾದರಿ ಹೆಲಿಕಾಪ್ಟರನ್ನು ಹಾರಿಸುವ ಕಲೆಯು ಈ ಮಾತಿಗೆ ಒಳ್ಳೆಯ ನಿದರ್ಶನ. ತಲೆಕೆಳಗಾಗಿ ತೇಲುವ, ಗಾಳಿಯಲ್ಲಿ ಲಾಗ ಹಾಕುವ ಆ ಪುಟ್ಟ ಯಂತ್ರವನ್ನು ಕಂಡ ಬಾಲಕರು ಅದನ್ನೊಂದು ಆಟಿಕೆಯೆಂದೂ, ಕೈಚಳಕವಿದ್ದರೆ ಸಾಕೆಂದೂ ಭಾವಿಸುವುದು ಸಹಜ. ಆ ಭಾವನೆಯು ಸರಿಯಲ್ಲವೆಂಬುದು ಈ ವಿದ್ಯೆಯ ಕ್ರಮವನ್ನು ವಿಚಾರಿಸಿದರೆ ವೇದ್ಯವಾಗುತ್ತದೆ.

ಮಾದರಿ ವಿಮಾನಗಳು ಅದಕ್ಕೆ ಬಹು ಮೊದಲಿನಿಂದಲೂ ಹಾರುತ್ತಿದ್ದರೂ ಮಾದರಿ ಹೆಲಿಕಾಪ್ಟರು ಹತೋಟಿಗೆ ಬಂದುದು 1960ರ ದಶಕದ ಕೊನೆಯ ಭಾಗದಲ್ಲಿ. ಜರ್ಮನಿಯ ಡೀಟರ್ ಶ್ಲೂಟರ್ ಅವರ ಪರಿಶ್ರಮವು ಇಲ್ಲಿ ಸ್ಮರಣೀಯ. ಈ ವಿಳಂಬಕ್ಕೆ ಕಾರಣವುಂಟು. ವೇಗದಿಂದ ಸಾಗುವ ವಿಮಾನಕ್ಕೆ ಅದರ ರೆಕ್ಕೆ ಬಾಲಗಳ ರಚನೆಯೇ ಬಹುಮಟ್ಟಿಗೆ ಸಮತೋಲವನ್ನು ಒದಗಿಸುತ್ತದೆ. ಹೆಲಿಕಾಪ್ಟರಿಗೆ ಆ ಭಾಗ್ಯವಿಲ್ಲ. ಒಂದೆಡೆ ನಿಲ್ಲಬೇಕಾದರೂ ಅದನ್ನು ಎಡೆಬಿಡದೆ ತಿದ್ದುತ್ತಿರಬೇಕು. ಅಲಗುಗಳ ಕೋನವನ್ನು ಒಟ್ಟಾಗಿ ಬದಲಿಸಿ ಏರಿಳಿಸುವುದು, ಹಿಂದುಮುಂದಕ್ಕೆ ಬಾಗಿಸುವುದು, ಎಡಬಲಕ್ಕೆ ವಾಲಿಸುವುದು, ಬಾಲದ ಅಲಗುಗಳಿಂದ ಮೂತಿಯನ್ನು ತಿರುಗಿಸುವುದು ಎಂಬ ನಾಲ್ಕು ಕಾರ್ಯಗಳನ್ನು ಎರಡು ಕೈಗಳು ಏಕಕಾಲದಲ್ಲಿ ನಡೆಸಬೇಕು. ಇಂದಿನ ಗೈರೊ ಉಪಕರಣಗಳು ಈ ಭಾರವನ್ನು ಹಗುರಗೊಳಿಸಿವೆಯಾದರೂ ಹಾರಿಸುವವನ ವಿವೇಕಕ್ಕೆ ಬದಲಾಗಿ ಅವು ನಿಲ್ಲಲಾರವು.

ಕಲಿಯುವವನು ಮೊದಲು ಯಂತ್ರದ ಬಾಲವನ್ನು ತನ್ನತ್ತ ಇರಿಸಿಕೊಂಡು ಅದನ್ನು ಗಾಳಿಯಲ್ಲಿ ನಿಶ್ಚಲವಾಗಿ ನಿಲ್ಲಿಸಲು ಅಭ್ಯಾಸ ಮಾಡುತ್ತಾನೆ. ಆಗ ಅದರ ಎಡವೇ ಇವನ ಎಡ. ಅನಂತರ ಅದರ ಪಾರ್ಶ್ವವನ್ನು, ಕಡೆಗೆ ಮೂತಿಯನ್ನು ತನ್ನತ್ತ ತಿರುಗಿಸಿಕೊಂಡು ನಿಲ್ಲಿಸಬೇಕು. ಮೂತಿಯು ಎದುರಾದೊಡನೆ ಅದರ ಎಡವು ಇವನ ಬಲವಾಗುತ್ತದೆ. ಬುದ್ಧಿಗೆ ಇದು ಕ್ಷಣಮಾತ್ರದಲ್ಲಿ ತಿಳಿಯುತ್ತದೆ. ಬೆರಳಿಗೆ ತಿಳಿಯಲು ತಿಂಗಳುಗಳೇ ಬೇಕಾಗಬಹುದು. ಯೋಚಿಸಿ ತಿದ್ದುವಷ್ಟರಲ್ಲಿ ಯಂತ್ರವು ನೆಲಕ್ಕೆ ಅಪ್ಪಳಿಸಿರುತ್ತದೆ. ತಲೆಕೆಳಗಾದಾಗಲಂತೂ ಅದನ್ನು ಮೇಲೇರಿಸಲು ಅಲಗುಗಳಿಗೆ ವಿರುದ್ಧ ಕೋನವನ್ನೇ ಕೊಡಬೇಕು. ಲಘು ಗುರುಗಳ ಪರಿಚಯವಿಲ್ಲದೆ ಷಟ್ಪದಿಯನ್ನು ಹಾಡಹೊರಟವನಿಗೆ ಒದಗುವ ಪಾಡೇ, ನೆಲೆ ನಿಲ್ಲಿಸಲು ಬಾರದೆ ಲಾಗ ಹಾಕಿಸಹೊರಟವನಿಗೂ ಒದಗುತ್ತದೆ. ಗಮಕಿಯ ತಪ್ಪನ್ನು ಸಭೆ ಕ್ಷಮಿಸೀತು. ಭೂಮಿಯ ಆಕರ್ಷಣೆ ಕ್ಷಮಿಸದು.

ಅಂತಾರಾಷ್ಟ್ರೀಯ ವಿಮಾನಯಾನ ಕ್ರೀಡಾ ಒಕ್ಕೂಟವು ಈ ಕಲೆಗೆ ಎರಡು ವಿಭಾಗಗಳನ್ನು ಏರ್ಪಡಿಸಿದೆ. ಎಫ್3ಸಿ ಎಂಬುದು ನಿಖರತೆಯ ವಿಭಾಗ. ಎಫ್3ಎನ್ ಎಂಬುದು ಸ್ವಚ್ಛಂದ ಹಾರಾಟದ ವಿಭಾಗ. ಮೊದಲನೆಯದರಲ್ಲಿ ಗುರುತಿಸಿದ ವೃತ್ತದಿಂದ ಏರಿ, ಗೊತ್ತಾದ ಎಡೆಗಳಲ್ಲಿ ತಡೆದು ನಿಂತು, ಗೊತ್ತಾದ ತಿರುವುಗಳನ್ನು ಮುಗಿಸಿ, ಆ ವೃತ್ತಕ್ಕೇ ಇಳಿಯಬೇಕು. ಗಾಳಿಯು ಒಂದೆಡೆಗೆ ತಳ್ಳಿದರೂ ನೋಡುವವರಿಗೆ ಅದರ ಸುಳಿವು ದೊರೆಯಬಾರದು. ಈ ಶಿಸ್ತು ಪ್ರತಿಭೆಯನ್ನು ಬಂಧಿಸುತ್ತದೆಂದು ವಾದಿಸುವವರಿಗೆ ಅಮೆರಿಕದ ಕರ್ಟಿಸ್ ಯಂಗ್‌ಬ್ಲಡ್ ಅವರ ಜೀವನವೇ ಉತ್ತರ. 3ಡಿ ಎಂದು ಹೆಸರಾದ ಸ್ವಚ್ಛಂದ ಹಾರಾಟವನ್ನು ಬೆಳೆಸಿದ ಅಗ್ರಗಣ್ಯರಲ್ಲೊಬ್ಬರಾದ ಅವರು ನಿಖರತೆಯ ವಿಭಾಗದಲ್ಲಿ ವಿಶ್ವವಿಜೇತರೂ ಆದವರು. ನಿಯಮವನ್ನು ಕರಗತ ಮಾಡಿಕೊಂಡವನಿಗೇ ಸ್ವಾತಂತ್ರ್ಯವು ಒಲಿಯಿತು.

ಅಲಗುಗಳ ತಾನಾಗಿ ತಿರುಗುವಿಕೆಯನ್ನು ನೆಚ್ಚಿ ಇಳಿಸುವ ಕ್ರಮವು ಇನ್ನೂ ಬೋಧಪ್ರದವಾದುದು. ಎಂಜಿನು ನಿಂತರೆ ಹಾರಿಸುವವನು ಅಲಗುಗಳ ಕೋನವನ್ನು ತಗ್ಗಿಸುತ್ತಾನೆ. ಕೆಳಗಿನಿಂದ ನುಗ್ಗುವ ಗಾಳಿಯೇ ಅವುಗಳನ್ನು ತಿರುಗಿಸುತ್ತದೆ. ಹೀಗೆ ಕೂಡಿಟ್ಟ ಶಕ್ತಿಯನ್ನು ನೆಲವು ಹತ್ತಿರವಾದಾಗ ಕೋನವನ್ನು ಹೆಚ್ಚಿಸಿ ವೆಚ್ಚಮಾಡಬೇಕು. ಅದು ಒಮ್ಮೆ ಮಾತ್ರ ದೊರೆಯುವ ಅವಕಾಶ. ಮೊದಲೇ ವೆಚ್ಚಮಾಡಿದವನೂ ತಡಮಾಡಿದವನೂ ಸಮಾನವಾಗಿ ಸೋಲುತ್ತಾರೆ.

ಸೋಲೆಂದರೆ ಕೇವಲ ಯಂತ್ರದ ನಷ್ಟವಲ್ಲ. ದೊಡ್ಡ ಮಾದರಿಗಳ ಅಲಗುಗಳು ನಿಮಿಷಕ್ಕೆ 2,000 ಸುತ್ತುಗಳ ಆಸುಪಾಸಿನಲ್ಲಿ ತಿರುಗುವ ಕತ್ತಿಗಳು. 2013ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಇಂಥ ಯಂತ್ರವನ್ನು ಹಾರಿಸುತ್ತಿದ್ದ ತರುಣನೊಬ್ಬನು ಅದರದೇ ಪೆಟ್ಟಿಗೆ ಬಲಿಯಾದನು. ನುರಿತವರೂ ಜನರಿಂದ ದೂರದ ಬಯಲನ್ನು ಆರಿಸಿಕೊಳ್ಳುವುದೂ, ಹೊಸ ತಿರುವನ್ನು ಮೊದಲು ಸಿಮ್ಯುಲೇಟರಿನಲ್ಲಿ ಸಾಧಿಸಿ, ಬಳಿಕ ಆಕಾಶದಲ್ಲಿ ಸಾಕಷ್ಟು ಎತ್ತರದಲ್ಲಿ ಪ್ರಯೋಗಿಸುವುದೂ ಹೇಡಿತನದಿಂದಲ್ಲ, ವಿವೇಕದಿಂದ.

ನಿಂತಲ್ಲೇ ನಿಲ್ಲಿಸುವ ಅಭ್ಯಾಸವು ಬೇಸರದ್ದೆಂದೂ, ಬಾಲಕರ ಉತ್ಸಾಹವನ್ನು ಕುಂದಿಸುತ್ತದೆಂದೂ ಕೆಲವರು ಆಕ್ಷೇಪಿಸುವರು. ಬೇಸರವೆಂಬುದು ದಿಟ. ಆದರೆ ಬೇಸರವನ್ನು ದಾಟದೆ ಕೈಗೂಡಿದ ವಿದ್ಯೆ ಯಾವುದು? ವಾರ್ಷಿಕೋತ್ಸವದ ಒಂದು ಚಪ್ಪಾಳೆಗಾಗಿ ಮಕ್ಕಳಿಗೆ ಮೊದಲು ಚಮತ್ಕಾರವನ್ನು ಕಲಿಸಿ, ಬುನಾದಿಯನ್ನು ಅನಂತರಕ್ಕೆ ಮೀಸಲಿಡುವ ಶಿಕ್ಷಣವು ಯಂತ್ರವನ್ನಷ್ಟೇ ಅಲ್ಲ, ಮಕ್ಕಳನ್ನೂ ಕೆಳಗೆ ಬೀಳಿಸುತ್ತದೆ. ಕಾಯಕವನ್ನು ಪೂಜೆಯೆಂದು ಬಗೆದ ಪರಂಪರೆಯ ವಿದ್ಯಾಸಂಸ್ಥೆಗಳು ಫಲಕ್ಕಿಂತ ಮೊದಲು ಕ್ರಮವನ್ನು ಗೌರವಿಸುವುದು ಯುಕ್ತ. ಗಾಳಿಯ ನಡುವೆ ಒಂದು ನಿಮಿಷ ಕದಲದೆ ನಿಂತ ಪುಟ್ಟ ಯಂತ್ರಕ್ಕೆ ಯಾರೂ ಚಪ್ಪಾಳೆ ತಟ್ಟಲಾರರು; ಬಲ್ಲ ಗುರುವು ಮಾತ್ರ ತಲೆದೂಗುವನು. ಮಕ್ಕಳು ಬಯಸಬೇಕಾದುದು ಆ ತಲೆದೂಗುವಿಕೆಯನ್ನೇ.