ಕಾರಿನ ತಂತಿಗಳಿಗೆ ಕತ್ತರಿ ಬೇಡ

ಗದಗ ಜಿಲ್ಲೆಯ ಪುರ್ತಗೇರಿಯಂತಹ ಊರಿನಲ್ಲಿ ದಾರಿ ತಪ್ಪಿದವನಿಗೆ ಎದುರಿಗೆ ಬಂದವರೇ ದಾರಿ ತೋರಿಸುವರು. ನಡುರಾತ್ರಿಯಲ್ಲಿ ಯಾರೂ ಎದುರಾಗದಿದ್ದರೆ? ಆದುದರಿಂದ ಕಾರಿನ ರೇಡಿಯೋ ತೆಗೆಸಿ, ಆ ಸ್ಥಳದಲ್ಲಿ ದಾರಿ ತೋರುವ ಯಂತ್ರವನ್ನು ಕೂರಿಸಿಕೊಳ್ಳುವವರನ್ನು ನಾನು ಆಕ್ಷೇಪಿಸಲಾರೆ. ನನ್ನ ಆಕ್ಷೇಪವಿರುವುದು ಕೂರಿಸುವ ಕ್ರಮದ ಬಗೆಗೆ.

ಹಳೆಯ ರೇಡಿಯೋ ಕೇವಲ ಹಾಡುವ ಪೆಟ್ಟಿಗೆಯಲ್ಲ. ಸ್ಟಿಯರಿಂಗ್ ಚಕ್ರದ ಮೇಲಿನ ಗುಂಡಿಗಳನ್ನೇ ನೋಡಿರಿ. ಅನೇಕ ಕಾರುಗಳಲ್ಲಿ ಒಂದೊಂದು ಗುಂಡಿಗೂ ಬೇರೆ ಬೇರೆ ಪ್ರಮಾಣದ ವಿದ್ಯುತ್ ರೋಧವಿರುತ್ತದೆ; ತಂತಿಯ ವೋಲ್ಟೇಜು ಎಷ್ಟಾಯಿತೆಂಬುದರಿಂದ ಯಾವ ಗುಂಡಿಯನ್ನು ಒತ್ತಿದಿರೆಂಬುದು ರೇಡಿಯೋಗೆ ತಿಳಿಯುತ್ತದೆ. ಬೇರೆ ಕಾರುಗಳಲ್ಲಿ, ಬಾಷ್ ಸಂಸ್ಥೆಯು 1986ರಲ್ಲಿ ಪ್ರಕಟಿಸಿದ ಕ್ಯಾನ್ ಪದ್ಧತಿಯಂತೆ, ಎಲ್ಲ ಸಂದೇಶಗಳೂ ಎರಡೇ ತಂತಿಗಳ ಮೇಲೆ ಹರಿಯುತ್ತವೆ. ಕೆಲವುಗಳಲ್ಲಂತೂ ಸೀಟ್‌ಬೆಲ್ಟಿನ ಎಚ್ಚರಿಕೆಯ ಗಂಟೆಯೂ ರೇಡಿಯೋದ ಮೂಲಕವೇ ಕೇಳಿಬರುವುದು. ಗೊತ್ತುಗುರಿಯಿಲ್ಲದೆ ಕತ್ತರಿ ಹಾಕಿದರೆ ಆ ಗಂಟೆ ಮೂಕವಾಗುವುದು. ಹಾಡು ಮಾತ್ರ ಕೇಳುತ್ತಲೇ ಇರುವುದು!

ನಿಮ್ಮ ಮನೆಯ ಕಾರಿಗೆ ಸರಿಹೊಂದುವ ಜೋಡಣೆಯ ತಂತಿಕಟ್ಟನ್ನೂ, ಗುಂಡಿಗಳ ಸಂಕೇತವನ್ನು ಹೊಸ ಯಂತ್ರದ ಭಾಷೆಗೆ ತಿರುಗಿಸುವ ಪುಟ್ಟ ಪೆಟ್ಟಿಗೆಯನ್ನೂ ಕೊಳ್ಳುವಂತೆ ಹಿರಿಯರಿಗೆ ಹೇಳಿರಿ. ಖರ್ಚು ಹೆಚ್ಚುವುದು ನಿಜ. ನಕ್ಷೆಯನ್ನು ಯಂತ್ರದಲ್ಲಿ ಮೊದಲೇ ತುಂಬಿಸಿಡಿರಿ. ಸ್ಥಾನವನ್ನು ತಿಳಿಸುವವು ಸುಮಾರು 20,000 ಕಿಲೋಮೀಟರು ಎತ್ತರದಲ್ಲಿರುವ ಜಿ.ಪಿ.ಎಸ್. ಉಪಗ್ರಹಗಳಾದುದರಿಂದ, ಮೊಬೈಲ್ ಸಂಪರ್ಕವಿಲ್ಲದೆಡೆಯೂ ದಾರಿ ಕಾಣುವುದು. ತೆಗೆದ ರೇಡಿಯೋವನ್ನು ಮಾರಬೇಡಿರಿ. ತಂತಿ ಕತ್ತರಿಸದೆ ಉಳಿದಿದ್ದರೆ ಎಂದಾದರೂ ಅದನ್ನು ಮರಳಿ ಕೂರಿಸಬಹುದು.