ಕೇರಾಫ್ ಧಣಿ



ಹಾಸ್ಟೆಲ್ ಅರ್ಜಿ ತುಂಬುವಾಗ 'ಖಾಯಂ ವಿಳಾಸ' ಅನ್ನೋ ಕಾಲಂ ಹತ್ತಿರ ನಿಮ್ಮಲ್ಲಿ ಎಷ್ಟು ಜನರ ಪೆನ್ನು ನಿಂತಿದೆ? ನನ್ನದು ನಿಂತಿತ್ತು. ಅಪ್ಪನ ಹೆಸರು ಬರೆದೆ. ಅದರ ಕೆಳಗೆ 'ಕೇರಾಫ್' ಅಂತ ಹಾಕಿ ತೋಟದ ಧಣಿಯ ಹೆಸರು ಬರೆದೆ. ನಾನು ಹುಟ್ಟಿದ್ದು, ಅಜ್ಜಿ ಸತ್ತದ್ದು, ಅಕ್ಕನ ಮದುವೆಯಾದದ್ದು ಎಲ್ಲಾ ಆ ಲೈನ್ ಮನೆಯಲ್ಲೇ. ಆದರೂ ವಿಳಾಸ ಧಣಿಯದ್ದು.

ಅಪ್ಪ ತೀರಿಹೋದ ವರ್ಷ ರೈಟರು ಬಂದ. 'ಮನೆ ಕೆಲಸಕ್ಕೆ ಬರೋ ಆಳಿಗೆ ಬೇಕು ಕಣಮ್ಮಾ, ಕೊಯ್ಲಿಗೆ ಮುಂಚೆ ಖಾಲಿ ಮಾಡು' ಅಂದ. ಹೊಡೆಯಲಿಲ್ಲ, ಬೈಯಲಿಲ್ಲ, ಪೊಲೀಸರು ಬರಲಿಲ್ಲ. ಅವ್ವ ಪಾತ್ರೆ ಪಡಗ ಚೀಲಕ್ಕೆ ತುಂಬಿಕೊಂಡು ಚಿಕ್ಕಮ್ಮನ ಮನೆ ಜಗಲಿಗೆ ಹೋದಳು. ಅಷ್ಟೇ. ಇದು ಸುದ್ದಿಯೂ ಅಲ್ಲ, ಕೇಸೂ ಅಲ್ಲ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಮನೆ ಇಲ್ಲದವರು ಎಲ್ಲಿದ್ದಾರೆ ಅಂತ ಕೇಳಿ ನೋಡಿ. ಸಮಾಜಸೇವೆಯ ಮಹನೀಯರು ಬಸ್ ಸ್ಟ್ಯಾಂಡಿನ ಕಡೆ ಬೆರಳು ತೋರಿಸುತ್ತಾರೆ. ಜನಗಣತಿಯ ಲೆಕ್ಕವೂ ಹಾಗೇ. ರಸ್ತೆ ಬದಿ, ಸೇತುವೆ ಕೆಳಗೆ, ಗುಡಿಯ ಮಂಟಪದಲ್ಲಿ ಮಲಗಿದವನು ಮಾತ್ರ ಮನೆಯಿಲ್ಲದವನು. ಲೈನ್ ಮನೆಯವನ ತಲೆ ಮೇಲೆ ಶೀಟು ಇದೆಯಲ್ಲ, ಅವನು ಮನೆಯುಳ್ಳವನು! ನಾಳೆ ಸೊಂಟ ಬಿದ್ದು ಕೆಲಸಕ್ಕೆ ಹೋಗದಿದ್ದರೆ ಆ ಶೀಟು ಇರುತ್ತದೆಯೇ ಅಂತ ಯಾವ ಗಣತಿಯವನೂ ಕೇಳುವುದಿಲ್ಲ. ನಾನು ಹೇಳುತ್ತೇನೆ: ದುಡಿಮೆ ಹೋದ ದಿನ ಹೋಗುವ ಮನೆ ಮನೆಯಲ್ಲ. ಅದು ಕೊಟ್ಟಿಗೆ.

ಕಾಫಿ ಗಿಡಕ್ಕೆ ರೋಗ ಬಂತೆಂದು ಬಾಳೆಹೊನ್ನೂರಿನ ಹತ್ತಿರ 1925ರಲ್ಲೇ ಸಂಶೋಧನಾ ಕೇಂದ್ರ ಶುರುವಾಯಿತು. ಒಳ್ಳೆಯದೇ. ಗಿಡಕ್ಕೆ ನೂರು ವರ್ಷದಿಂದ ಆರೈಕೆ ಇದೆ. ಆ ಗಿಡದ ಬುಡ ಬಿಡಿಸಿದ ದಲಿತನಿಗೆ, ಹಸಲರವನಿಗೆ, ಗೌಡಲುವಿನವನಿಗೆ ನೂರು ವರ್ಷದ ಮೇಲೂ ಕಾಲೂರಲು ಜಾಗವಿಲ್ಲ.

'ಧಣಿ ಮನೆ ಕೊಟ್ಟದ್ದೇ ಉಪಕಾರ' ಅನ್ನುವವರು ನಮ್ಮ ಕೇರಿಯಲ್ಲೂ ಇದ್ದಾರೆ. ಉಪಕಾರ ಏನು ಬಂತು ಮಣ್ಣು? ತೋಟದ ಕಾರ್ಮಿಕನಿಗೆ ಮನೆ ಕೊಟ್ಟು ರಿಪೇರಿ ಮಾಡಿಸುವುದು ಮಾಲೀಕನ ಕರ್ತವ್ಯ ಅಂತ 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. 2025ರ ನವೆಂಬರಿನಲ್ಲಿ ಜಾರಿಗೆ ಬಂದ ಕಾರ್ಮಿಕ ಸಂಹಿತೆಯಲ್ಲೂ ಆ ಮಾತು ಉಳಿದಿದೆ. ಆದರೆ ಎರಡರಲ್ಲೂ ಮನೆ ಕೆಲಸದ ಬಾಲ. ಕೆಲಸ ಹೋದರೆ ಮನೆಯೂ ಹೋಯಿತು.

ಇನ್ನೊಂದು ಮೋಸ ಕೇಳಿ. ಬೇರೆಯವರ ಜಮೀನಿನಲ್ಲಿ ಮನೆ ಮಾಡಿಕೊಂಡಿರುವ ಕೃಷಿ ಕೂಲಿಯವನಿಗೆ ಆ ಮನೆ, ಅದರ ಅಡಿಯ ಜಾಗ ಸೇರಬೇಕು ಅನ್ನುತ್ತದೆ ಕರ್ನಾಟಕ ಭೂಸುಧಾರಣಾ ಕಾಯ್ದೆಯ 38ನೇ ಕಲಂ. ಓದಿ ಕುಣಿಯಬೇಡಿ, ಪುಟ ತಿರುಗಿಸಿ. 104ನೇ ಕಲಂ ಬರುತ್ತದೆ: ಪ್ಲಾಂಟೇಶನ್‌ಗಳಿಗೆ 38 ಅನ್ವಯಿಸುವುದಿಲ್ಲ. ಕಾಫಿ, ಏಲಕ್ಕಿ, ಮೆಣಸು, ರಬ್ಬರ್, ಟೀ ಎಲ್ಲಾ ಪ್ಲಾಂಟೇಶನ್ ಬೆಳೆ. ಭೂಸುಧಾರಣೆ ಬಯಲುಸೀಮೆಯಿಂದ ಘಾಟಿ ಹತ್ತಿ ಬಂತು. ಕಾಫಿ ತೋಟದ ಗೇಟಿನ ಹತ್ತಿರ ಬಂದು ಚಪ್ಪಲಿ ಬಿಟ್ಟು ನಿಂತಿತು. ಆದರೆ ಅಡಿಕೆ ಆ ಪಟ್ಟಿಯಲ್ಲಿಲ್ಲ! ಅಡಿಕೆ ತೋಟದ ಅಂಚಿನ ಗುಡಿಸಲಿನವರಿಗೆ ಇದನ್ನು ಯಾರಾದರೂ ಹೇಳಿದ್ದಾರಾ?

ಸರ್ಕಾರಿ ಜಾಗಕ್ಕೆ ಹೋಗೋಣವೆಂದರೆ ಕಾಡು ಅನ್ನುತ್ತಾರೆ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಪರಿಶಿಷ್ಟ ಪಂಗಡದವರಲ್ಲದವರು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿದ್ದುದಕ್ಕೆ ಸಾಕ್ಷಿ ತೋರಿಸಬೇಕು. ಅಕ್ಷರ ಕಲಿಸದೆ ಇಟ್ಟ ಜಾತಿಯ ಹತ್ತಿರ ದಾಖಲೆ ಕೇಳುತ್ತಾರೆ! ರಾಜ್ಯ ಸರ್ಕಾರವೋ 2022ರಲ್ಲಿ ಭೂಕಂದಾಯ ಕಾಯ್ದೆಗೆ ತಿದ್ದುಪಡಿ ತಂದು, ಸರ್ಕಾರಿ ಜಾಗ ಒತ್ತುವರಿ ಮಾಡಿ ತೋಟ ಮಾಡಿದವರಿಗೆ 25 ಎಕರೆವರೆಗೆ 30 ವರ್ಷ ಗುತ್ತಿಗೆ ಕೊಡಲು ದಾರಿ ಮಾಡಿತು. ದೊಡ್ಡವರು ಒತ್ತಿದರೆ ಗುತ್ತಿಗೆ. ನಾವು ನಾಲ್ಕು ಗಳ ನೆಟ್ಟರೆ ಅಕ್ರಮ.

ಈಗ ಸಮಾಜಕಾರ್ಯ ಓದುತ್ತಿರುವ ಗೆಳೆಯರಿಗೆ ಒಂದು ಮಾತು. ಮಳೆಗಾಲದಲ್ಲಿ ಕಂಬಳಿ ಹಂಚಿ ಫೋಟೋ ತೆಗೆಸಿಕೊಳ್ಳುವುದನ್ನು ನಿಮಗೂ ಕಲಿಸಿದ್ದಾರೆ. ಕಂಬಳಿ ಬೇಡ ಅನ್ನುತ್ತಿಲ್ಲ. ಚಳಿಗೆ ನಡುಗುವವನಿಗೆ ಕಂಬಳಿ ಮೊದಲು ಕೊಡಿ. ಆದರೆ ಬೀದಿಗೆ ಬಿದ್ದ ಮೇಲೆ ಬರುವವನು ಅರ್ಧ ಕಾರ್ಯಕರ್ತ. ಬೀಳುವ ಮುಂಚೆ ಲೈನಿಗೆ ಬರುವವನು ಪೂರ್ತಿ ಕಾರ್ಯಕರ್ತ. 1927ರಲ್ಲಿ ಬಾಬಾಸಾಹೇಬರು ಮಹಾಡ್ ಕೆರೆಗೆ ಇಳಿದದ್ದು ದಾನದ ನೀರಿಗಲ್ಲ, ಹಕ್ಕಿನ ನೀರಿಗೆ. ನಮಗೂ ದಾನದ ಸೂರು ಬೇಡ, ಹಕ್ಕುಪತ್ರ ಬೇಕು.

ಹಾಗಾದರೆ ರಜೆಯಲ್ಲಿ ಊರಿಗೆ ಹೋದಾಗ ಏನು ಮಾಡಬೇಕು?

ಒಂದು ನೋಟ್‌ಬುಕ್ ತಗೊಳ್ಳಿ. ನಿಮ್ಮ ಲೈನಿನ, ಕೇರಿಯ, ಹಾಡಿಯ ಒಂದೊಂದು ಮನೆಯನ್ನೂ ಬರೆಯಿರಿ. ಯಾರಿದ್ದಾರೆ, ಎಷ್ಟು ವರ್ಷದಿಂದ, ಜಾಗ ಯಾರದ್ದು, ಏನು ಬೆಳೆ, ರೇಷನ್ ಕಾರ್ಡು, ವೋಟರ್ ಕಾರ್ಡು, ಕರೆಂಟ್ ಬಿಲ್ಲು ಇದೆಯಾ. ಮುದುಕರು, ಗಂಡ ಸತ್ತವರು, ಕಾಯಿಲೆಯವರ ಹೆಸರಿನ ಮುಂದೆ ಗುರುತು ಹಾಕಿ. ಮೊದಲು ಖಾಲಿ ಮಾಡಿಸುವುದು ಅವರನ್ನೇ.

ಆ ಪಟ್ಟಿ ಹಿಡಿದು ಗ್ರಾಮಸಭೆಗೆ ಹೋಗಿ. ಮನೆ ಯೋಜನೆಯ ಫಲಾನುಭವಿಗಳನ್ನು ಆರಿಸಬೇಕಾದದ್ದು ಅಲ್ಲಿ. 'ನಿವೇಶನ ಇಲ್ಲ, ಹಾಗಾಗಿ ಮನೆ ಇಲ್ಲ' ಅಂದರೆ, ನಿವೇಶನರಹಿತರು ಅಂತಲೇ ಹೆಸರು ಬರೆಸಿ. ಸರ್ಕಾರಿ ಜಾಗದಲ್ಲಿ ಮನೆಯಿದ್ದವರ 94ಸಿ ಅರ್ಜಿ ಎಲ್ಲಿ ಕೂತಿದೆ ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿ. ಉತ್ತರ ಬಾಯಿಮಾತಲ್ಲಿ ಬೇಡ, ಕಾಗದದಲ್ಲಿ ತಗೊಳ್ಳಿ.

ಜಾತಿಯ ಬಲದಿಂದ ಯಾರನ್ನಾದರೂ ಹೊರಹಾಕಲು ಬಂದರೆ ನೆನಪಿಡಿ: ದಲಿತರನ್ನು ಮನೆ, ಊರು ಬಿಡುವಂತೆ ಬಲವಂತ ಮಾಡುವುದು 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಅಪರಾಧ. ದಲಿತರ ಮನೆಗಳಿಗೆ ಭೂಮಿ ತಗೊಂಡದ್ದು ತಪ್ಪು ಅಂತ ಉತ್ತರ ಪ್ರದೇಶದ ಜಮೀನಿನವರು ಸುಪ್ರೀಂ ಕೋರ್ಟಿಗೆ ಹೋದಾಗ, 1995ರ ಡಿಸೆಂಬರಿನಲ್ಲಿ ಕೋರ್ಟು ಅವರ ಮಾತು ತಳ್ಳಿಹಾಕಿತು. ವಸತಿ ಬದುಕುವ ಹಕ್ಕಿನ ಭಾಗವೇ ಎಂದಿತು. ಚಮೇಲಿ ಸಿಂಗ್ ಕೇಸು ಅಂತ ಅದರ ಹೆಸರು. ಬರೆದಿಟ್ಟುಕೊಳ್ಳಿ.

ಕೊನೆಗೊಂದು ಎಚ್ಚರಿಕೆ. ಅವ್ವ ಬಿಟ್ಟ ಮನೆಗೆ ಅಸ್ಸಾಮಿನ ಕೂಲಿ ಕುಟುಂಬ ಬಂತು. ನನಗೂ ಮೊದಲು ಸಿಟ್ಟು ಅವರ ಮೇಲೇ ಬಂದದ್ದು. ಆಮೇಲೆ ನೋಡಿದೆ: ಅದೇ ಸೋರುವ ಶೀಟು, ಅದೇ ರೈಟರು, ಅದೇ ಕೇರಾಫ್. ಸಾಲಿನಲ್ಲಿ ನಮ್ಮ ಹಿಂದೆ ನಿಂತವರ ಮೇಲೆ ಕೈ ಎತ್ತಬೇಡಿ. ನೋಟ್‌ಬುಕ್ಕಿನಲ್ಲಿ ಅವರ ಹೆಸರೂ ಬರೆಯಿರಿ.

ಹಾಸ್ಟೆಲಿನ ಕೋಣೆಯೂ ನಮ್ಮದಲ್ಲ ಗೆಳೆಯರೇ. ಪರೀಕ್ಷೆ ಮುಗಿದ ದಿನ ಟ್ರಂಕು ಹೊರಗೆ. ಹಾಗೆ ಹೊರಗೆ ಬಂದಾಗ ಹೋಗಲು ಒಂದು ಬಾಗಿಲು ಇರಬೇಕು, ಆ ಬಾಗಿಲ ಮೇಲೆ ಅವ್ವನ ಹೆಸರಿರಬೇಕು. ನಮ್ಮ ತಮ್ಮ ತಂಗಿಯರು ಅರ್ಜಿ ತುಂಬುವಾಗ 'ಕೇರಾಫ್' ಅನ್ನೋ ಪದಕ್ಕೆ ಗೀಟು ಎಳೆಯಬೇಕು.

ಜೈ ಭೀಮ್.